ಒಗರೇ ಗುಣವಾದ ಮೇವು

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ಗುಡ್ಡಗಳ ಸುಣ್ಣಕಲ್ಲಿನ ನೆಲದಲ್ಲಿ ಗುಲಾಬಿ ಹೂ ಬಿಡುವ ಸೇನ್‌ಫಾಯಿನ್, ದ್ವಿದಳ ಜಾತಿಯ ಮೇವಿನ ಗಿಡ. ಜೇನುಹುಳುಗಳಿಗೆ ಅದರ ಹೂ ಅಚ್ಚುಮೆಚ್ಚು. ನನಗೆ ಮೆಚ್ಚು ಅದರ ಒಗರು, ಅಂದರೆ ಟ್ಯಾನಿನ್.

ಹಸಿ ಕುದುರೆಮಸಾಲೆ ಸೊಪ್ಪನ್ನು ಮಿತಿಮೀರಿ ಮೇಯ್ದ ಹಸು ಹೊಟ್ಟೆಯುಬ್ಬರದಿಂದ ಒದ್ದಾಡುವುದು ನಮ್ಮ ಹೈನುಗಾರರಿಗೆ ಗೊತ್ತು. ಸೇನ್‌ಫಾಯಿನ್‌ನಲ್ಲಿ ಆ ಭಯವಿಲ್ಲ. ಮೊದಲ ಹೊಟ್ಟೆಯಲ್ಲಿ ಟ್ಯಾನಿನ್ ಸೊಪ್ಪಿನ ಪ್ರೋಟೀನನ್ನು ಬಿಗಿಹಿಡಿಯುತ್ತದೆ; ನೊರೆಗಟ್ಟಲು ಬಿಡದು, ಸೂಕ್ಷ್ಮಜೀವಿಗಳಿಗೂ ಸುಲಭಕ್ಕೆ ಬಿಟ್ಟುಕೊಡದು. ಹುಳಿ ಹೆಚ್ಚಿರುವ ನಾಲ್ಕನೆಯ ಹೊಟ್ಟೆ ತಲುಪಿದಾಗ ಆ ಹಿಡಿತ ಸಡಿಲುತ್ತದೆ, ಪ್ರೋಟೀನು ಹಸುವಿಗೆ ದಕ್ಕುತ್ತದೆ. ಪಿಎಚ್ 3.5ರಿಂದ 7ರವರೆಗೆ ಈ ಜೋಡಿ ಗಟ್ಟಿ, ಅದಕ್ಕಿಂತ ಕೆಳಗಿಳಿದರೆ ಬಿಡುಗಡೆ ಎಂದು ಸಂಶೋಧಕರಾದ ಜೋನ್ಸ್ ಮತ್ತು ಮ್ಯಾಂಗನ್ 1977ರಲ್ಲೇ ಪ್ರಯೋಗದಿಂದ ತೋರಿಸಿದರು. ಎಂಥ ಚೆಂದದ ಏರ್ಪಾಡು!

ಈ ಒಗರು ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಎಲೆಯಲ್ಲಿ ಹೆಚ್ಚು, ದಂಟಿನಲ್ಲಿ ಕಡಿಮೆ. ಗಿಡ ಬಲಿತಂತೆ ದಂಟಿನ ಪಾಲು ಏರಿ, ಒಟ್ಟು ಟ್ಯಾನಿನ್ ಸಾಮಾನ್ಯವಾಗಿ ಇಳಿಯುತ್ತದೆ. ತಳಿಯಿಂದ ತಳಿಗೆ, ಕೊಯ್ಲಿನಿಂದ ಕೊಯ್ಲಿಗೆ ಪ್ರಮಾಣದ ಜೊತೆ ಟ್ಯಾನಿನ್ ಅಣುಗಳ ಉದ್ದ, ರಚನೆಯೂ ಬದಲಾಗುತ್ತವೆ. ರುಟಿನ್‌ನಂಥ ಇತರ ಪಾಲಿಫಿನಾಲ್‌ಗಳೂ ಅಷ್ಟೆ. ಕುರಿಯ ಹೊಟ್ಟೆಹುಳುಗಳನ್ನು ತಗ್ಗಿಸುವ ಸೇನ್‌ಫಾಯಿನ್‌ನ ಶಕ್ತಿ ಒಮ್ಮೊಮ್ಮೆ ಎದ್ದು ಕಂಡು, ಒಮ್ಮೊಮ್ಮೆ ಮಂಕಾಗುವುದಕ್ಕೆ ಇದೊಂದು ಕಾರಣ. ಆದ್ದರಿಂದ ಸೇನ್‌ಫಾಯಿನ್‌ನ ಗುಣ ಅಳೆಯುವವರು ಮೊದಲು ತಳಿ ಯಾವುದು, ಯಾವ ಹಂತದಲ್ಲಿ ಕೊಯ್ದದ್ದು ಎಂದು ಕೇಳಬೇಕು.