ಜಟಕಾ ಬಂಡಿಯಲ್ಲಿ ಕೂತವರು ಯಾರು?

‘ಮಂಕುತಿಮ್ಮನ ಕಗ್ಗ’ಕ್ಕೆ ಅಂಟಿಕೊಂಡಿರುವ ‘ಕನ್ನಡದ ಭಗವದ್ಗೀತೆ’ ಎಂಬ ಬಿರುದು ಆ ಪುಸ್ತಕಕ್ಕೆ ಮಾಡಿರುವಷ್ಟು ಕೇಡನ್ನು ಅದನ್ನು ಓದದೆ ಪಕ್ಕಕ್ಕಿಟ್ಟವರೂ ಮಾಡಿಲ್ಲ. ಓದದವರು ಎಂದಾದರೊಂದು ದಿನ ಓದಿಯಾರು. ಬಿರುದು ಕೊಟ್ಟವರು ಮಾತ್ರ ಅದನ್ನು ಓದಬೇಕಾದ ಅಗತ್ಯವನ್ನೇ ಕಳೆದುಬಿಟ್ಟರು. ಕೈಮುಗಿಯುವ ಪುಸ್ತಕದ ಜೊತೆ ಯಾರೂ ಜಗಳವಾಡುವುದಿಲ್ಲ. ಕಗ್ಗವೋ ಜಗಳವಾಡಲೆಂದೇ ಹುಟ್ಟಿದ ಪುಸ್ತಕ.

1943ರಲ್ಲಿ ಹೊರಬಂದ 945 ಚೌಪದಿಗಳ ಈ ಕೃತಿಯಲ್ಲಿ ಇಂದು ಚಲಾವಣೆಯಲ್ಲಿರುವುದು ಹೆಚ್ಚೆಂದರೆ ಇಪ್ಪತ್ತೋ ಮೂವತ್ತೋ ಪದ್ಯ. ನಿವೃತ್ತಿಯ ಬೀಳ್ಕೊಡುಗೆ, ಮದುವೆಯ ಕರೆಯೋಲೆ, ವೈಕುಂಠ ಸಮಾರಾಧನೆಯ ಪತ್ರಿಕೆ, ಬ್ಯಾಂಕಿನ ಕ್ಯಾಲೆಂಡರು, ವಾಟ್ಸಾಪಿನ ಮುಂಜಾನೆ, ಎಲ್ಲೆಡೆ ಅವೇ. ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಕೇಳಿದವರಿಗೆ ಅವು ಹಾಡಾಗಿಯೂ ಒಲಿದಿವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಬದುಕಿಗೆ ಅರ್ಥವಿದೆಯೇ, ಸುಖವಾಗಿ ಬಾಳುವುದು ಹೇಗೆ ಎಂಬ ಪ್ರಶ್ನೆಗಳಿಗೆ ಕಗ್ಗದಲ್ಲಿ ಸಿದ್ಧ ಉತ್ತರಗಳಿವೆ ಎಂಬ ನಂಬಿಕೆ ಈ ಚಲಾವಣೆಯಿಂದಲೇ ಬೆಳೆದದ್ದು. ಆ ನಂಬಿಕೆಯನ್ನು ನಾನು ಒಪ್ಪಲಾರೆ. ಎಲ್ಲರಿಗೂ ಬಾಯಿಪಾಠವಾಗಿರುವ ಪದ್ಯವನ್ನೇ, ಜಟಕಾ ಬಂಡಿಯ ಪದ್ಯವನ್ನೇ, ಹಿಡಿದು ನೋಡೋಣ.

ಬದುಕು ಒಂದು ಜಟಕಾ ಬಂಡಿ, ವಿಧಿ ಅದನ್ನು ಹೊಡೆಯುವ ಸಾಹೇಬ. ಇಷ್ಟನ್ನು ಎಲ್ಲರೂ ನೆನೆಯುತ್ತಾರೆ. ನೆನೆಯುವಾಗ ತಮ್ಮನ್ನು ಎಲ್ಲಿ ಕೂರಿಸಿಕೊಳ್ಳುತ್ತಾರೆ? ಕೇಳಿ ನೋಡಿದ್ದೇನೆ, ಹತ್ತರಲ್ಲಿ ಒಂಬತ್ತು ಜನ ಬಂಡಿಯ ಒಳಗೆ ಕೂತಿರುತ್ತಾರೆ. ವಿಧಿ ಕರೆದುಕೊಂಡು ಹೋದಲ್ಲಿಗೆ ಹೋಗುವ ಪಯಣಿಗರು ನಾವು ಎಂಬುದೇ ಅವರ ಅರ್ಥ. ಕಗ್ಗದ ಕವಿ ಡಿ.ವಿ.ಜಿ. ಹಾಗೆ ಬರೆದಿಲ್ಲ. ಎರಡನೆಯ ಸಾಲು ತೆರೆಯುವುದೇ ಕುದುರೆಯಿಂದ, ಮತ್ತು ಆ ಕುದುರೆ ನೀನು ಎನ್ನುತ್ತದೆ ಪದ್ಯ. ಪಯಣಿಗರು ಬೇರೆ. ಅವರನ್ನು ಗೊತ್ತುಮಾಡುವವನು ಸಾಹೇಬ. ಎಲ್ಲಿಗೆ ಹೋಗಬೇಕೆಂಬುದೂ ಅವನ ಮಾತೇ. ನಿನಗೆ ಉಳಿದದ್ದು ಓಟ. ಬೆನ್ನಹಿಂದೆ ಹತ್ತಿದವರು ಯಾರು, ಎಷ್ಟು ಭಾರ, ಮದುವೆಗೆ ಹೊರಟವರೋ ಮಸಣಕ್ಕೆ ಹೊರಟವರೋ, ಕಣ್ಣುಪಟ್ಟಿ ಕಟ್ಟಿಕೊಂಡ ಪ್ರಾಣಿಗೆ ತಿಳಿಯುವಂತಿಲ್ಲ.

ಇನ್ನು ಪ್ರಾಸದ ಕೆಲಸ. ದ್ವಿತೀಯಾಕ್ಷರ ಪ್ರಾಸವನ್ನು ಹಳೆಯ ಚಟವೆಂದು ಬದಿಗೆ ತಳ್ಳುವುದು ನಮ್ಮ ವಿಮರ್ಶೆಗೆ ಅಭ್ಯಾಸವಾಗಿದೆ. ಇಲ್ಲಿ ನಾಲ್ಕು ಸಾಲುಗಳು ತೆರೆಯುವ ಮಾತುಗಳನ್ನಷ್ಟೇ ಪಟ್ಟಿ ಮಾಡಿ: ಬದುಕು, ಕುದುರೆ, ಮದುವೆ, ಪದ. ಎರಡನೆಯ ಜಾಗದಲ್ಲಿ ದಕಾರ ನಾಲ್ಕು ಸಲವೂ ಗೊರಸಿನ ಹಾಗೆ ನೆಲಕ್ಕೆ ಬೀಳುತ್ತದೆ. ಬದುಕನ್ನು ಕುದುರೆಗೆ, ಕುದುರೆಯನ್ನು ಮದುವೆಗೆ, ಮದುವೆಯನ್ನು ಕುಸಿಯುವ ಕಾಲಿಗೆ ಕಟ್ಟಿದ್ದು ತರ್ಕವಲ್ಲ, ಆ ದಕಾರ. ಮಸಣ ಈ ಸಾಲಿಗೆ ಸೇರದು. ಅದು ಮದುವೆಯ ಪಕ್ಕದಲ್ಲಿ, ಮಕಾರವೊಂದರ ನಂಟು ಹಿಡಿದು, ಪ್ರಾಸದ ಹೊರಗೆ ನಿಂತಿದೆ. ಮದುವೆಯ ಮನೆಗೆ ಸಾವಿನ ಸುದ್ದಿ ಹೊತ್ತು ತಂದವನು ಬಾಗಿಲಲ್ಲಿ ನಿಲ್ಲುವ ಹಾಗೆ. ಭಾಷೆಯನ್ನೂ ನೋಡಿ. ‘ಪೇಳ್’ ಎನ್ನುವ ಹಳಗನ್ನಡದ ಕ್ರಿಯಾಪದ, ‘ಸಾಹೇಬ’ ಎನ್ನುವ ಪೇಟೆಯ ಮಾತು ಒಂದೇ ಮೂಕಿಗೆ ಕಟ್ಟಿಸಿಕೊಂಡಿವೆ. ಜಟಕಾ ಹೊಡೆಯುವವರಲ್ಲಿ ಮುಸಲ್ಮಾನರು ಬಹಳವಿದ್ದ ಕಾಲದ ಬೆಂಗಳೂರು ಆ ಒಂದು ಪದದಲ್ಲಿದೆ. ವಿಧಿಗೆ ಪುರಾಣದ ಹೆಸರನ್ನು ಕೊಡದೆ ಬೀದಿಯ ಹೆಸರನ್ನು ಕೊಟ್ಟ ಕವಿ ಇವರು.

ಈಗ ಬಿರುದಿನ ಮಾತಿಗೆ ಬರುತ್ತೇನೆ. ಗೀತೆಯಲ್ಲೂ ಒಂದು ರಥವಿದೆ. ಅರ್ಜುನ ಕೂತಿರುವುದು ರಥಿಕನ ಜಾಗದಲ್ಲಿ. ಎರಡು ಸೇನೆಗಳ ನಡುವೆ ರಥವನ್ನು ನಿಲ್ಲಿಸು ಎನ್ನುತ್ತಾನೆ, ದೇವರೇ ಆದ ಸಾರಥಿ ನಿಲ್ಲಿಸುತ್ತಾನೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾನೆ. ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ವಿವರಿಸುವ ರಥ ಇನ್ನೂ ಸ್ಪಷ್ಟ: ಆತ್ಮ ರಥಿಕ, ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಗೀತೆಯ ಮೇಲೆ ‘ಜೀವನಧರ್ಮಯೋಗ’ದಂಥ ಗ್ರಂಥ ಬರೆದು 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರಿಗೆ ಈ ಎರಡು ರಥಗಳು ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಗೊತ್ತಿದ್ದೇ ಅವರು ರಥವನ್ನು ಬಾಡಿಗೆ ಬಂಡಿಯಾಗಿಸಿದರು, ರಥಿಕನ ಪೀಠದಲ್ಲಿದ್ದ ‘ನೀನು’ ಎಂಬುವನನ್ನು ಇಳಿಸಿ ಮೂಕಿಗೆ ಕಟ್ಟಿದರು. ಇಲ್ಲಿ ಸಾರಥಿ ಉಪದೇಶ ಮಾಡುವುದಿಲ್ಲ. ನಿಲ್ಲಿಸು ಎನ್ನುವ ಬಾಯಿಯೂ ಕುದುರೆಗಿಲ್ಲ. ಇಂಥ ಪದ್ಯವನ್ನು ಬರೆದ ಪುಸ್ತಕವನ್ನು ಗೀತೆಯೆಂದು ಕರೆಯುವುದು, ಅದು ಪಟ್ಟ ಪಾಡನ್ನೆಲ್ಲ ಅಳಿಸಿ ಹೊಗಳುವುದು.

ಕಗ್ಗದ ಆರಂಭದಲ್ಲಿಯೇ ಈ ಪಾಡಿನ ಗುರುತಿದೆ. ನಾಲ್ಕನೆಯ ಪದ್ಯ ಪೂರ್ತಿ ಪ್ರಶ್ನೆಗಳು: ಬದುಕಿನ ಅರ್ಥವೇನು, ಜಗತ್ತಿನ ಅರ್ಥವೇನು, ಎರಡಕ್ಕೂ ಸಂಬಂಧವೇನು, ಕಣ್ಣಿಗೆ ಕಾಣದ್ದು ಏನಾದರೂ ಇದೆಯೇ, ಇದ್ದರೆ ಅದು ಎಂಥದು. ಕೊನೆಗೆ, ಅರಿವಿಗೆ ಪ್ರಮಾಣವೇನು. ನಮ್ಮ ಶಾಸ್ತ್ರಗಳ ಪದ್ಧತಿ ಇದಕ್ಕೆ ತಿರುಗುಮುರುಗು. ನ್ಯಾಯಸೂತ್ರ ತನ್ನ ಪಟ್ಟಿಯನ್ನು ಪ್ರಮಾಣದಿಂದ ಆರಂಭಿಸುತ್ತದೆ. ಹೇಗೆ ತಿಳಿಯುತ್ತೇವೆಂಬುದು ತೀರ್ಮಾನವಾದ ಮೇಲೆ ಏನನ್ನು ತಿಳಿಯುತ್ತೇವೆಂಬ ಮಾತು. ನೊಂದ ಮನುಷ್ಯ ಆ ಕ್ರಮದಲ್ಲಿ ಕೇಳುವುದಿಲ್ಲ. ಮೊದಲು ‘ಇದೆಲ್ಲ ಯಾಕೆ’ ಎನ್ನುತ್ತಾನೆ. ಉತ್ತರ ಸಿಕ್ಕಿದರೂ ಅದು ನಿಜವೆಂದು ತಿಳಿಯುವುದು ಹೇಗೆ ಎಂಬ ಅನುಮಾನ ಕಡೆಗೆ ಬರುತ್ತದೆ, ಬಂದು ಹಿಂದಿನ ಪ್ರಶ್ನೆಗಳನ್ನೆಲ್ಲ ಅಲುಗಿಸುತ್ತದೆ. ಆ ಅಲುಗಾಟದ ಮರುಕ್ಷಣವೇ ಬರುವ ಅಂಕಿತ ‘ಮಂಕುತಿಮ್ಮ’. ಹೀಗೆ ಓದಿದರೆ ಅಂಕಿತವೇ ಆ ಪ್ರಶ್ನೆಗೆ ಸಿಕ್ಕಿದ ಒಂದೇ ಉತ್ತರ: ಕೇಳುವವನು ಮಂಕು. ಈ ಕಗ್ಗವನ್ನು ಹೊಸೆದದ್ದು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳಲಿಕ್ಕೆ ಎಂದು ಡಿ.ವಿ.ಜಿ.ಯವರೇ ಒಂದು ಪದ್ಯದಲ್ಲಿ ಒಪ್ಪಿಕೊಂಡಿದ್ದಾರೆ. ಕ್ಯಾಲೆಂಡರಿನವರು ಜಾಗ ಸಾಲದೆ ಅಂಕಿತವನ್ನು ಕತ್ತರಿಸಿದಾಗ ತನಗೆ ಹೇಳಿಕೊಂಡದ್ದು ಇನ್ನೊಬ್ಬರಿಗೆ ಮಾಡಿದ ಉಪದೇಶವಾಗುತ್ತದೆ. ಕೆಡುವುದು ಅಲ್ಲಿ.

ಭಕ್ತರೊಡನೆ ನನ್ನ ತಕರಾರು ಇಷ್ಟು. ವಿಮರ್ಶಕರೊಡನೆ ಇರುವುದು ಇನ್ನೂ ಹಳೆಯದು. ನವ್ಯದ ಕಾಲದಲ್ಲಿ ಬೆಳೆದ ಓದುಗರಿಗೆ ಕಗ್ಗ ಕಾವ್ಯವಲ್ಲ, ಸುಭಾಷಿತ ಎಂಬ ಮಾತನ್ನು ತರಗತಿಗಳಲ್ಲಿಯೇ ಕಲಿಸಲಾಯಿತು. ಪ್ರತಿಮೆ ತನ್ನಷ್ಟಕ್ಕೆ ಬೆಳೆಯಬೇಕು, ಕವಿ ತೀರ್ಪು ಹೇಳಕೂಡದು ಎಂಬ ಅಳತೆಗೋಲು ಅವರದು. ಆ ಅಳತೆಯನ್ನೇ ಹಿಡಿದು ಜಟಕಾ ಪದ್ಯವನ್ನು ನೋಡಿದ್ದರೂ ಸಾಕಿತ್ತು: ಬಂಡಿ, ಹೊಡೆಯುವವ, ಕುದುರೆ, ಹೇರು, ದಾರಿ, ಬೀಳು, ಒಂದನ್ನೊಂದು ಎಳೆದುಕೊಂಡು ನಾಲ್ಕು ಸಾಲಿನಲ್ಲಿ ಪ್ರತಿಮೆ ಪೂರ್ತಿಯಾಗಿದೆ. ನೋಡಲಿಲ್ಲ. ಪುಸ್ತಕದಲ್ಲಿ ಸಪ್ಪೆ ಪದ್ಯಗಳು ಬೇಕಾದಷ್ಟಿವೆ, ಹೇಳಿದ್ದನ್ನೇ ಹೇಳುವುದಿದೆ, ಛಂದಸ್ಸಿನ ಸಲುವಾಗಿ ಹಳಗನ್ನಡಕ್ಕೆ ಕೈಚಾಚಿ ಮುಗ್ಗರಿಸಿದ ಸಾಲುಗಳಿವೆ. ಇವನ್ನು ಎತ್ತಿ ತೋರಿಸಿದ್ದರೆ ಅದು ವಿಮರ್ಶೆ. ಇಡೀ ಪುಸ್ತಕವನ್ನು ಒಂದು ಪದದಿಂದ ಹೊರಗಿಟ್ಟದ್ದು ಸೋಮಾರಿತನ. ಓದುವ ಕೆಲಸವನ್ನು ಪಂಡಿತರು ಬಿಟ್ಟುಕೊಟ್ಟಿದ್ದರಿಂದಲೇ ಅದು ವ್ಯಕ್ತಿತ್ವ ವಿಕಸನದ ಭಾಷಣಕಾರರ ಪಾಲಾಯಿತು.

ಇನ್ನೊಂದು ಆಕ್ಷೇಪ ತೂಕದ್ದು. ಚಾವಟಿ ಬೀಸುವವನು ಯಾವಾಗಲೂ ವಿಧಿಯೇ? ಜಾತಿ, ಜಮೀನುದಾರಿಕೆ, ಮನೆಯ ಯಜಮಾನಿಕೆ ಬೀಸಿದ ಏಟನ್ನೂ ವಿಧಿಯ ಲೆಕ್ಕಕ್ಕೆ ಬರೆದು ಓಡು ಎಂದರೆ ಅದು ನ್ಯಾಯವೇ? ನ್ಯಾಯವಲ್ಲ. ಡಿ.ವಿ.ಜಿ. ಪತ್ರಿಕೆ ನಡೆಸಿದವರು, ‘ರಾಜ್ಯಶಾಸ್ತ್ರ’ ಬರೆದವರು, ಗೋಖಲೆಯವರ ಹೆಸರಿನಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದವರು. ಮನುಷ್ಯರು ಮನುಷ್ಯರಿಗೆ ಮಾಡುವ ಅನ್ಯಾಯಕ್ಕೆ ಅವರ ಉತ್ತರ ಆ ಬರಹದಲ್ಲಿದೆ, ಆ ಕೆಲಸದಲ್ಲಿದೆ. ಆದರೆ ಕಗ್ಗವೊಂದನ್ನೇ ಕೈಯಲ್ಲಿ ಹಿಡಿದವನಿಗೆ ಅದು ಕಾಣುವುದಿಲ್ಲ. ಈ ಕೊರತೆಯನ್ನು ನಾನು ಮುಚ್ಚಲಾರೆ. ಹೆಂಡತಿಯನ್ನು ಬೆಂಕಿಗೆ ಕಳೆದುಕೊಂಡು, ಮತ್ತೆ ಮದುವೆಯಾಗದೆ ದೀರ್ಘ ಆಯುಷ್ಯ ಕಳೆದವರ ಪುಸ್ತಕ ಇದು. ಯಾರ ಮೇಲೂ ಹೊರಿಸಲಾಗದ ಏಟುಗಳ ಬಗ್ಗೆ ಅದು ಬಲ್ಲದು, ಅವುಗಳ ಬಗ್ಗೆಯೇ ಮಾತಾಡುತ್ತದೆ.

ಸುಖದ ವಿಷಯದಲ್ಲೂ ಅದರ ಮಾತು ನಾವು ಅಂದುಕೊಂಡದ್ದಕ್ಕಿಂತ ಸಣ್ಣದು, ಹೆಚ್ಚು ನಿಜ. ನಗುವನ್ನು ಕುರಿತ ಪದ್ಯವನ್ನು ನಗೆಕೂಟದವರೆಲ್ಲ ಬಲ್ಲರು. ತಾನು ನಗುವುದು, ಇತರರನ್ನು ನಗಿಸುವುದು, ನಗುವನ್ನು ಕೇಳುತ್ತ ನಗುವುದು ಅಲ್ಲಿ ಧರ್ಮಗಳಾಗಿ ಬರುತ್ತವೆ. ಆದರೆ ಪದ್ಯದ ಕೊನೆ ನಗು ಎಂದು ಅಪ್ಪಣೆ ಕೊಡುವುದಿಲ್ಲ. ನಗುತ್ತ ಬಾಳುವ ವರವನ್ನು ಬೇಡಿಕೋ ಎನ್ನುತ್ತದೆ. ಬೇಡಿದ್ದು ಸಿಕ್ಕೀತು, ಸಿಕ್ಕದೆಯೂ ಇದ್ದೀತು. ಸುಖವಾಗಿರುವುದನ್ನು ಕೌಶಲವೆಂದು ಶುಲ್ಕ ಪಡೆದು ಕಲಿಸುವವರು ಉದ್ಧರಿಸುವುದು ಈ ಪದ್ಯವನ್ನೇ. ಸುಖ ಬಾರದಿದ್ದವನಿಗೆ ಅವರು ಹೊರಿಸುವ ತಪ್ಪನ್ನು ಪದ್ಯ ಹೊರಿಸುವುದಿಲ್ಲ.

ಮತ್ತೆ ಕುದುರೆಯ ಪದ್ಯದ ಕೊನೆಯ ಸಾಲು. ಕಾಲು ಸೋತು ಕುಸಿದರೆ ನೆಲವಿದೆ ಎಂಬುದು ಅದರ ತಾತ್ಪರ್ಯ. ಇದನ್ನು ಅಭಯವೆಂದು ವ್ಯಾಖ್ಯಾನಿಸುವವರಿದ್ದಾರೆ, ಭೂಮಿತಾಯಿ ಹಿಡಿದುಕೊಳ್ಳುತ್ತಾಳೆ ಎಂದು. ಸಾವಿನ ಒರಟು ಹೆಸರೆನ್ನುವವರೂ ಇದ್ದಾರೆ. ಎರಡು ಬಣದವರೂ ಆ ಸಾಲಿನಲ್ಲಿ ಯಾರು ಇಲ್ಲ ಎಂಬುದನ್ನು ಗಮನಿಸಿಲ್ಲ. ಸಾಹೇಬ ಅಲ್ಲಿಲ್ಲ. ಪಯಣಿಗರು ಇಲ್ಲ. ಮದುವೆಯೂ ಮಸಣವೂ ಹಿಂದಿನ ಸಾಲಿನಲ್ಲಿಯೇ ಉಳಿದವು. ಕುದುರೆ ಬಿದ್ದಮೇಲೆ ಬಂಡಿಯಲ್ಲಿದ್ದವರು ಇಳಿಯಲೇಬೇಕು, ಹೊಡೆಯುವವನು ಮೂಕಿ ಬಿಚ್ಚಲೇಬೇಕು. ಮೂರು ಸಾಲು ಎಳೆದ ಭಾರವೆಲ್ಲ ಕಳಚಿ, ನಾಲ್ಕನೆಯದರಲ್ಲಿ ಉಳಿದದ್ದು ಒಂದು ಕಾಲು, ಒಂದು ನೆಲ, ಆಮೇಲೆ ಮಂಕುತಿಮ್ಮ.