ಸಾರಾಂಶಕ್ಕೆ ಸಿಗದ ದನಿ: ‘ಇಲ್‌ಮ್ಯಾಟಿಕ್’ ಕೇಳುತ್ತಾ, ಕಲಿಸುತ್ತಾ

ಪಂಪನ ಮೇಲೆ ಪ್ರಶ್ನೆ ಕೇಳುವಾಗ ನಮಗೆ ಛಂದಸ್ಸು, ಅಲಂಕಾರ, ವರ್ಣನೆಯ ಸೊಗಸು ಎಲ್ಲವೂ ನೆನಪಾಗುತ್ತವೆ. ಸಿದ್ಧಲಿಂಗಯ್ಯನವರ ಮೇಲೆ ಕೇಳುವಾಗ ಮಾತ್ರ ಸಾಮಾನ್ಯವಾಗಿ ‘ಸಾಮಾಜಿಕ ಕಳಕಳಿ’ಯಲ್ಲಿಗೆ ಬಂದು ನಿಲ್ಲುತ್ತೇವೆ. ಒಬ್ಬ ಕವಿಯಾಗುತ್ತಾನೆ, ಇನ್ನೊಬ್ಬರು ಸಾಕ್ಷಿಯಾಗುತ್ತಾರೆ. ಈ ಹಂಚಿಕೆ ಎಷ್ಟು ರೂಢಿಯಾಗಿದೆಯೆಂದರೆ ಅದು ನಮ್ಮ ಕಣ್ಣಿಗೇ ಬೀಳುವುದಿಲ್ಲ. ನನಗೆ ಅದು ಸ್ಪಷ್ಟವಾಗಿ ಕಂಡದ್ದು ಅಮೆರಿಕದ ಒಂದು ರ‍್ಯಾಪ್ ಆಲ್ಬಮ್ಮನ್ನು ಕನ್ನಡದ ವಿದ್ಯಾರ್ಥಿಗಳೊಂದಿಗೆ ಕೇಳುವಾಗ.

ಆಲ್ಬಂ ನಾಸ್‌ನ ‘ಇಲ್‌ಮ್ಯಾಟಿಕ್’. 1994ರ ಏಪ್ರಿಲ್ 19ರಂದು ಅದು ಹೊರಬಂದಾಗ ಅವನಿಗೆ 20 ವರ್ಷ. ಪೀಠಿಕೆಯಂಥ ಮೊದಲ ತುಣುಕೂ ಸೇರಿ 10 ಹಾಡು, ಎಲ್ಲ ಸೇರಿ 40 ನಿಮಿಷವೂ ಇಲ್ಲ. ಅವನು ಬೆಳೆದದ್ದು ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್‌ನಲ್ಲಿ. 1939ರಲ್ಲಿ ತೆರೆದ, 3,000ಕ್ಕೂ ಹೆಚ್ಚು ಮನೆಗಳಿರುವ ಸರ್ಕಾರಿ ವಸತಿ ಸಮುಚ್ಚಯ ಅದು. ಇಂದು ಹಾರ್ವರ್ಡ್‌ನಲ್ಲಿ ನಾಸ್ ಹೆಸರಿನ ಫೆಲೋಶಿಪ್ ಇದೆ. 2021ರಲ್ಲಿ ಈ ಆಲ್ಬಂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂರಕ್ಷಿತ ಧ್ವನಿಮುದ್ರಣಗಳ ಪಟ್ಟಿಗೂ ಸೇರಿತು. ಇಷ್ಟು ಮನ್ನಣೆ ಸಿಕ್ಕ ಕೃತಿಯನ್ನೂ ‘ಬಡತನ, ಮಾದಕ ವಸ್ತು, ಪೊಲೀಸು’ ಎಂಬ ಮೂರು ಪದಗಳಲ್ಲಿ ಮುಗಿಸಿಬಿಡುವುದು ಬಹಳ ಸುಲಭ.

ಗಿರಿನಗರದ ಸೀತಾ ಸರ್ಕಲ್ಲಿನ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಎಂಟು-ಹತ್ತು ಪದವಿ ವಿದ್ಯಾರ್ಥಿಗಳು ಭಾನುವಾರ ಸಂಜೆ ಪದ್ಯ ಓದಲು ಸೇರುತ್ತಾರೆ. ಆರು ವಾರ ನಾವು ಇದನ್ನೇ ಕೇಳಿದೆವು. ಇದ್ದದ್ದು ಒಂದೇ ನಿಯಮ: ಮೂರು ಸಲ ಕೇಳುವವರೆಗೆ ಹಾಡಿನ ಸಾಲುಗಳನ್ನು ಕಾಗದದ ಮೇಲೆ ನೋಡಬಾರದು. ಮೊದಲೇ ಸಾಲು ಕೊಟ್ಟರೆ ಪೆನ್ನು ಅರ್ಥದ ಕಡೆಗೆ ಓಡುತ್ತದೆ, ಕಿವಿ ಅಲ್ಲಿಗೆ ಮುಚ್ಚಿಕೊಳ್ಳುತ್ತದೆ.

‘ಎನ್.ವೈ. ಸ್ಟೇಟ್ ಆಫ್ ಮೈಂಡ್’ನಿಂದ ಶುರು ಮಾಡಿದೆವು. ಜೋ ಚೇಂಬರ್ಸ್‌ನ ಒಂದು ಜಾಝ್ ಧ್ವನಿಮುದ್ರಣದಿಂದ ಪಿಯಾನೋದ ಚೂರೊಂದನ್ನು ಎತ್ತಿಕೊಂಡು ಡಿಜೆ ಪ್ರೀಮಿಯರ್ ಅದನ್ನು ಸುತ್ತಿ ಸುತ್ತಿ ನುಡಿಸುತ್ತಾನೆ. ತಾಳ ನಾಲ್ಕು ಪೆಟ್ಟಿನದು. ಆರಂಭದಲ್ಲಿ ದನಿ ತುಸು ಅನುಮಾನಿಸುತ್ತದೆ, ಆಮೇಲೆ ಹಿಡಿತಕ್ಕೆ ಸಿಗುವುದಿಲ್ಲ. ವಾಕ್ಯ ಆವರ್ತದ ಗಡಿಯಲ್ಲಿ ಮುಗಿಯದೆ ಮುಂದಿನದರ ನಡುವಿನವರೆಗೆ ಹೋಗಿ, ಅಲ್ಲೇ ಇನ್ನೊಂದು ಶುರುವಾಗುತ್ತದೆ. ಒಂದೇ ಬಗೆಯ ಸದ್ದು ಮರಳಿದಾಗಲೆಲ್ಲ ಮೇಜು ಕುಟ್ಟಿ ಎಂದು ಹೇಳಿದ್ದೆ. ಮೊದಲ ಸಲ ಕುಟ್ಟು ಬಿದ್ದದ್ದು ಸಾಲಿನ ಕೊನೆಗೆ ಮಾತ್ರ. ಮೂರನೆಯ ಸಲಕ್ಕೆ ಸಾಲಿನ ಒಳಗೆಲ್ಲ ಬೀಳತೊಡಗಿತು.

ಕನ್ನಡದ ಕಿವಿಗೆ ಇದು ತೀರ ಹೊಸದೇನಲ್ಲ. ಹಳಗನ್ನಡದ ಪ್ರಾಸ ಇರುವುದೇ ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿ. ಹರಿಹರನ ರಗಳೆಯಲ್ಲಿ ಸಾಲುಗಳ ಸಂಖ್ಯೆಗೆ ಮಿತಿಯಿಲ್ಲ. ಮಾತು ಸಾಲು ದಾಟಿ ಹರಿಯುತ್ತದೆ. ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸ ಕೈಬಿಟ್ಟದ್ದಕ್ಕೆ ಕಾರಣವಿತ್ತು: ಪ್ರಾಸಕ್ಕಾಗಿ ಬೇಡದ ಪದ ತುರುಕುವುದು ಅಭ್ಯಾಸವಾದಾಗ ಅದು ಸಂಕೋಲೆಯಾಗುತ್ತದೆ. ನಾಸ್‌ನಲ್ಲಿ ಅದೇ ಪ್ರಾಸ ಮುಂದಿನ ಯೋಚನೆಯನ್ನು ಎಳೆದು ತರುವ ಹಗ್ಗ. ಇದನ್ನು ಕೇಳಿಸಿಕೊಂಡ ಮೇಲೆ ವಿದ್ಯಾರ್ಥಿಗಳು ತಮ್ಮ ಇಷ್ಟದ ಕನ್ನಡ ರ‍್ಯಾಪನ್ನೂ ಬೇರೆಯಾಗಿ ಅಳೆಯತೊಡಗಿದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಮಾಡ್ತೀನಿ’, ‘ನೋಡ್ತೀನಿ’ ಎಂಬ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ನಿಜವಾದ ದುಡಿಮೆ ಇರುವುದು ಸಾಲಿನ ಹೊಟ್ಟೆಯೊಳಗೆ.

ಒಳ್ಳೆಯ ಪ್ರಶ್ನೆ ಬಂದದ್ದು ಚಿಕ್ಕೋಡಿ ಕಡೆಯ ಹುಡುಗಿಯಿಂದ. ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಹಾಡಿಕೆ ಕೇಳಿ ಬೆಳೆದವಳು. “ಅಕ್ಕಾರ, ಇಂವ ಉಸರು ಯಾವಾಗ ತಗೋತಾನ್ರಿ?” ಎಂದಳು. ಆ ವಾರವಿಡೀ ನಾವು ಉಸಿರನ್ನೇ ಹುಡುಕಿದೆವು.

‘ಒನ್ ಲವ್’ ಅದಕ್ಕೆ ತಕ್ಕ ಹಾಡು. ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಪತ್ರಗಳ ರೂಪ ಅದರದು. ಕ್ಯೂ-ಟಿಪ್ ಹೊಂದಿಸಿದ ಸಂಗೀತದಲ್ಲಿ ಆಫ್ರಿಕಾದ ಬೆರಳು ವಾದ್ಯ ಎಂಬಿರಾದ ತೊಟ್ಟಿಕ್ಕುವ ನಾದವಿದೆ. ಮಗು ಹುಟ್ಟಿದ ಸುದ್ದಿ, ಗುಂಡು ಹಾರಿದ ಸುದ್ದಿ ಎರಡನ್ನೂ ದನಿ ಒಂದೇ ಎತ್ತರದಲ್ಲಿ ಹೇಳುತ್ತದೆ. ಕೊನೆಯ ಚರಣದಲ್ಲಿ ಪತ್ರ ನಿಂತು, 12 ವರ್ಷದ ಹುಡುಗನೊಬ್ಬನ ಜೊತೆಗಿನ ಮಾತು ಬರುತ್ತದೆ. ಆಗಲೂ ದನಿ ಏರುವುದಿಲ್ಲ. ‘ದಾರಿ ತಪ್ಪಿದ ಯುವಕರ ದುರಂತ’ ಎಂಬ ಸಾರಾಂಶದಲ್ಲಿ ಈ ಸಮಾಧಾನಕ್ಕೆ ಜಾಗವಿಲ್ಲ. ದೂರದಲ್ಲಿರುವವನಿಗೆ ಊರಿನ ಸುದ್ದಿ ಹೇಳುವಾಗ ಮಾತು ನಡುಗದಂತೆ ನೋಡಿಕೊಳ್ಳುವುದು ಹಾಸ್ಟೆಲಿನಲ್ಲಿರುವವರಿಗೆ ಗೊತ್ತು. ಈ ಹಾಡಿನ ಕಾವ್ಯ ಇರುವುದು ಆ ಎಚ್ಚರದಲ್ಲಿ.

ಈ ಕಿವಿಯನ್ನೇ ಹೊತ್ತು ಸಿದ್ಧಲಿಂಗಯ್ಯನವರ ಕಡೆಗೆ ಬಂದೆವು. ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಅವರಿಗೂ ಆಗ ಇಪ್ಪತ್ತರ ಆಸುಪಾಸು. ಅವರ ಹರೆಯ ಕಳೆದದ್ದು ಇದೇ ಬೆಂಗಳೂರಿನ ಶ್ರೀರಾಂಪುರದಲ್ಲಿ, ಗಿರಿನಗರದಿಂದ ಮೆಜೆಸ್ಟಿಕ್ ದಾಟಿದರೆ ಸಿಗುವ ಬಡಾವಣೆಯಲ್ಲಿ. ಗಟ್ಟಿಯಾಗಿ ಓದುತ್ತಾ ಮೇಜು ಕುಟ್ಟಿದಾಗ ವ್ಯತ್ಯಾಸ ಕೇಳಿಸಿತು. ನಾಸ್‌ನ ಸಾಲನ್ನು ಗುಂಪು ಹಾಡಲಾರದು. ಅದರ ಉಸಿರು ಒಬ್ಬನದು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹಾಡಾದ ಸಿದ್ಧಲಿಂಗಯ್ಯನವರ ಸಾಲಿನ ಅಳತೆ ನಡೆಯುತ್ತಾ ಹಾಡುವ ನೂರು ಜನರ ಉಸಿರಿನದು. ಜನಪದ ಮಟ್ಟು, ಮರುಕಳಿಸುವ ಪದ, ಚಿಕ್ಕ ನಿಲುಗಡೆ ಎಲ್ಲವೂ ಅದಕ್ಕಾಗಿಯೇ ಆಯ್ದವು. ‘ಸರಳ’ ಎಂದು ನಾವು ಬೆನ್ನು ತಟ್ಟಿ ಮುಂದೆ ಸಾಗುವುದು ಈ ಕುಶಲತೆಯನ್ನೇ.

ದನಿಗೆ ಕಿವಿಗೊಟ್ಟರೆ ವಿಮರ್ಶೆಯ ಕಣ್ಣು ಮುಚ್ಚಬೇಕಿಲ್ಲ. ‘ಇಲ್‌ಮ್ಯಾಟಿಕ್’ನ ಓಣಿಯಲ್ಲಿ ಹೆಣ್ಣಿಗೆ ದನಿಯಿಲ್ಲ, ಅವಳು ಬರುವುದು ಯಾರದೋ ತಾಯಿಯಾಗಿ, ಯಾರದೋ ಗೆಳತಿಯಾಗಿ. ಕೋಣೆಯ ಹುಡುಗಿಯರು ಇದನ್ನು ಮೊದಲ ದಿನವೇ ಹೇಳಿದರು. ಕಪ್ಪು ಜನರನ್ನು ಹೀಯಾಳಿಸಿದ ಪದವನ್ನು ನಾಸ್ ತನ್ನದಾಗಿಸಿಕೊಂಡು ಬಳಸುತ್ತಾನೆ. ಅದನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ. ಏಕೆಂದು ವಿವರಿಸುವುದು ಕಷ್ಟವಾಗಲಿಲ್ಲ. ಬೈಗುಳವಾಗಿದ್ದ ಜಾತಿಯ ಹೆಸರನ್ನು ಸಂಕಲನದ ಶೀರ್ಷಿಕೆಗೇ ಏರಿಸಿದ ಕವಿ ನಮ್ಮಲ್ಲೂ ಇದ್ದರು. ಒಂದು ಪದ ಯಾರ ಬಾಯಿಂದ ಬರುತ್ತದೆ ಎಂಬುದೂ ಅದರ ಅರ್ಥದ ಭಾಗವೇ.

ನೋವನ್ನು ಹೇಳಿದವರಿಗೆ ಮರುಕ, ಚೆಂದವಾಗಿ ಹೇಳಿದವರಿಗೆ ಗೌರವ ಎಂದು ನಾವು ಬೇರೆ ಬೇರೆ ಎತ್ತಿಡುತ್ತೇವೆ. ಈ ಇಬ್ಬರ ವಿಷಯದಲ್ಲಿ ಅದು ಅನ್ಯಾಯ. ಮುಂದಿನ ಸಲ ಸಿದ್ಧಲಿಂಗಯ್ಯನವರ ಮೇಲೆ ಪ್ರಶ್ನೆ ಬರೆಯುವವರು ಕಳಕಳಿಯ ಬಗ್ಗೆ ಖಂಡಿತ ಕೇಳಲಿ. ಜೊತೆಗೆ ಈ ಪದ್ಯದಲ್ಲಿ ಉಸಿರು ಎಲ್ಲಿ ನಿಲ್ಲುತ್ತದೆ, ಏಕೆ ಅಲ್ಲೇ ನಿಲ್ಲುತ್ತದೆ ಎಂದೂ ಕೇಳಲಿ. ಅದಕ್ಕೆ ಉತ್ತರ ಯಾವ ಗೈಡಿನಲ್ಲೂ ಸಿಗುವುದಿಲ್ಲ. ಪದ್ಯವನ್ನು ಬಾಯಿಬಿಟ್ಟು ಓದಲೇಬೇಕು.