ಸಿಪಾಯಿಗಳಿಗೆಂದು ಕಟ್ಟಿದ ನಿಲಯ

ಎರಡನೇ ಮಹಾಯುದ್ಧದಲ್ಲಿ ಮೌಂಟ್‌ಬ್ಯಾಟನ್ ಅವರ ಆಗ್ನೇಯ ಏಷ್ಯಾ ಪಡೆಗಳ ಮನರಂಜನೆಗೆಂದು ಕೊಲಂಬೊದಲ್ಲಿ ಹುಟ್ಟಿದ್ದು ರೇಡಿಯೋ ಸೀಯಾಕ್. ಬರ್ಮಾದ ಕಾಡಿನಲ್ಲಿ ಮಳೆ, ಮಲೇರಿಯಾ ಎರಡನ್ನೂ ಸಹಿಸುತ್ತಿದ್ದವರಿಗೆ ಊರಿನ ದನಿ ಮುಟ್ಟಬೇಕಿತ್ತು. ಅದಕ್ಕೇ ಸಾಗರ ದಾಟಬಲ್ಲ ಬಲಿಷ್ಠ ಶಾರ್ಟ್‌ವೇವ್ ಪ್ರಸಾರಕ. ಯುದ್ಧ ಮುಗಿಯಿತು, ಯಂತ್ರ ಉಳಿಯಿತು, ರೇಡಿಯೋ ಸಿಲೋನ್ ಆಯಿತು.

1952ರಲ್ಲಿ ಭಾರತದ ಪ್ರಸಾರ ಖಾತೆಯ ಮಂತ್ರಿಯಾದ ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡನ್ನು ದೂರವಿಟ್ಟರು. ಕೇಳುಗರು ಸುಮ್ಮನೆ ಮುಳ್ಳನ್ನು ಕೊಲಂಬೊ ಕಡೆ ತಿರುಗಿಸಿದರು. ಕನ್ನಡ, ತೆಲುಗು, ತಮಿಳು ಒಂದೇ ಜಗಲಿಯಲ್ಲಿ ಕೂರುವ ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆ ಸೀಮೆಗೆ ಹೇಳಿ ಮಾಡಿಸಿದಂಥ ನಿಲಯವದು. ಮೂರೂ ಭಾಷೆಯ ಚಿತ್ರಗೀತೆ ಅಲ್ಲಿತ್ತು. ಗೊರಗೊರ ಸದ್ದು, ಏರಿಳಿಯುವ ದನಿ—ನನಗಂತೂ ಅದೂ ಹಾಡಿನ ಭಾಗವೇ.

1957ರಲ್ಲಿ ಬಂದ ಆಕಾಶವಾಣಿಯ ವಿವಿಧ ಭಾರತಿ, ಪೈಪೋಟಿಗೆ ಇಳಿದದ್ದಲ್ಲದೆ, ‘ಜಯಮಾಲಾ’ ಕಾರ್ಯಕ್ರಮವನ್ನು ಮತ್ತೆ ಸಿಪಾಯಿಗಳಿಗೇ ಮೀಸಲಿಟ್ಟಿತು.